ಆಫ್ರಿಕದ ವಾದ್ಯಗಳೂ ನೂತನ ವಾದ್ಯನಿರ್ಮಾಣವೂ

೧

ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವ ಭರತಮುನಿಯ ಕ್ರಮವು ವಿದ್ವಜ್ಜನರಿಗೆ ಸುಪರಿಚಿತವಾದುದು. ಈ ವಿಭಾಗಕ್ಕೆ ಆಧಾರವಾಗಿರುವುದು ವಾದ್ಯದ ಆಕಾರವಲ್ಲ, ಅದು ಹುಟ್ಟಿದ ದೇಶವೂ ಅಲ್ಲ. ನಾದವು ಯಾವ ವಸ್ತುವಿನ ಕಂಪನದಿಂದ ಉದಿಸುವುದೆಂಬ ಒಂದೇ ವಿಚಾರವು. ಆದುದರಿಂದಲೇ ಅದು ಭರತಖಂಡದ ಎಲ್ಲೆಯನ್ನು ಮೀರಿ ಉಪಯೋಗಕ್ಕೆ ಬಂದಿತು. ೧೮೮೦ರಲ್ಲಿ ಬ್ರಸೆಲ್ಸ್ ನಗರದ ವಾದ್ಯಸಂಗ್ರಹಾಲಯದ ಪಟ್ಟಿಯನ್ನು ಸಿದ್ಧಪಡಿಸಿದ ವಿಕ್ಟರ್ ಮಾಹಿಯೋಂ ಎಂಬ ಪಂಡಿತನು ನಾಲ್ಕು ವರ್ಗಗಳ ಕ್ರಮವನ್ನೇ ಅನುಸರಿಸಿದನು. ಬಂಗಾಳದ ಸೌರೀಂದ್ರಮೋಹನ ಠಾಕೂರರು ಕಳುಹಿಸಿಕೊಟ್ಟ ಭಾರತೀಯ ವಾದ್ಯಗಳು ಆ ಸಂಗ್ರಹದಲ್ಲಿದ್ದುವು. ಹಾರ್ನ್‌ಬೋಸ್ಟೆಲ್ ಮತ್ತು ಜಾಕ್ಸ್ ಎಂಬ ವಿದ್ವಾಂಸರು ೧೯೧೪ರಲ್ಲಿ ಪ್ರಕಟಿಸಿ, ಇಂದಿಗೂ ಪ್ರಮಾಣವಾಗಿರುವ ವರ್ಗೀಕರಣವು ಇದರ ವಿಸ್ತಾರವೇ ಆಗಿದೆ.

ಈ ಪೀಠಿಕೆಯ ಪ್ರಯೋಜನವಿಷ್ಟೆ. ಆಫ್ರಿಕಾಖಂಡದ ಪರಂಪರಾಗತ ವಾದ್ಯಗಳನ್ನು ಮಾದರಿಯಾಗಿಟ್ಟುಕೊಂಡು ಹೊಸ ವಾದ್ಯಗಳನ್ನು ಕಟ್ಟುವ ಕಾರ್ಯವು ಕಳೆದ ಎಪ್ಪತ್ತು ವರ್ಷಗಳಿಂದ ಹಲವು ದೇಶಗಳಲ್ಲಿ ನಡೆದುಬಂದಿದೆ. ಇದು ನಮಗೆ ದೂರದ ಸಂಗತಿಯೆಂದು ಭಾವಿಸುವವರುಂಟು. ಆದರೆ ಆಫ್ರಿಕದಿಂದ ಬಂದ ಸಿದ್ದಿ ಜನಾಂಗವು ಕನ್ನಡನಾಡಿನಲ್ಲೇ ನೆಲೆಸಿದೆ. ಆ ವಾದ್ಯಗಳ ನಾದತತ್ತ್ವಗಳು ನಮ್ಮ ಶಾಸ್ತ್ರಕ್ಕೂ ಬಳಕೆಗೂ ಅಪರಿಚಿತವಲ್ಲ. ಅವನ್ನು ಕಟ್ಟಲು ಬೇಕಾದ ಸಾಮಗ್ರಿಯು ನಮ್ಮ ಕಿಬ್ಬನಹಳ್ಳಿಯ ಸುತ್ತಣ ತೆಂಗಿನ ಸೀಮೆಯಲ್ಲಿ ಯಥೇಚ್ಛವಾಗಿದೆ. ಹೀಗಿರುವಲ್ಲಿ ಅಂತಹ ವಾದ್ಯವನ್ನು ಕಟ್ಟುವವನು ಮಾದರಿಯಿಂದ ಏನನ್ನು ತೆಗೆದುಕೊಳ್ಳಬೇಕು, ಕಟ್ಟಿದುದಕ್ಕೆ ಏನೆಂದು ಹೆಸರಿಡಬೇಕು ಎಂಬ ಎರಡು ಪ್ರಶ್ನೆಗಳನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ಎರಡನೆಯ ಪ್ರಶ್ನೆಯು ಬಡಗಿಗಿಂತಲೂ ಸಾಹಿತ್ಯದ ಅಧ್ಯಾಪಕರಿಗೆ ಹೆಚ್ಚು ಸೇರಿದುದು ಎಂಬುದು ಕೊನೆಯಲ್ಲಿ ಸ್ಪಷ್ಟವಾಗುವುದು.

೨

ಸಿದ್ದಿಗಳು ಉತ್ತರಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡ, ಜೋಯಿಡಾ ಮುಂತಾದ ತಾಲ್ಲೂಕುಗಳ ಕಾಡಿನಂಚಿನ ಊರುಗಳಲ್ಲಿ ವಾಸವಾಗಿದ್ದಾರೆ. ಹದಿನಾರನೆಯ ಶತಮಾನದಿಂದೀಚೆಗೆ ಪೋರ್ಚುಗೀಸರು ಗೋವೆಯ ಮಾರ್ಗವಾಗಿ ಗುಲಾಮರನ್ನಾಗಿ ತಂದ ಆಫ್ರಿಕದ ಜನರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಇವರು ಬಹುಮಟ್ಟಿಗೆ ಅವರ ಸಂತತಿ. ಇವರಲ್ಲಿ ಹಿಂದೂ, ಇಸ್ಲಾಂ, ಕ್ರೈಸ್ತ ಮೂರು ಮತದವರೂ ಇದ್ದಾರೆ. ಮನೆಯ ಮಾತು ಹೆಚ್ಚಾಗಿ ಕೊಂಕಣಿಯ ಒಂದು ಭೇದ, ಕನ್ನಡವನ್ನೂ ಬಲ್ಲರು. ೨೦೦೩ರಲ್ಲಿ ಇವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಇವರ ಹಾಡು ಕುಣಿತಗಳಿಗೆ ಆಧಾರವಾದುದು ದಮಾಮ ಅಥವಾ ಡಮಾಮಿ ಎಂಬ, ಎರಡು ಮುಖಗಳಿಗೂ ಚರ್ಮ ಬಿಗಿದ ಮದ್ದಳೆಯಂತಹ ವಾದ್ಯ.

ಗುಜರಾತಿನ ಸಿದ್ದಿಗಳಲ್ಲಿ ಆಫ್ರಿಕದ ಲಕ್ಷಣವು ಇನ್ನೂ ಸ್ಫುಟವಾಗಿರುವ ಎರಡು ವಾದ್ಯಗಳು ಉಳಿದಿವೆ. ಒಂದು, ಮಲುಂಗಾ ಎಂಬ ಬಿಲ್ಲು. ಮತ್ತೊಂದು, ಮಾಯಿ ಮಿಸ್ರಾ ಎಂಬ ತೆಂಗಿನ ಕರಟದ ಗಿಲಕಿ. ಭರೂಚ್ ಸೀಮೆಯ ರತನಪುರದಲ್ಲಿ ದರ್ಗಾ ಉಳ್ಳ ಬಾವಾ ಗೋರ್ ಎಂಬ ಸಂತನ ಸೋದರಿಯ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಅವರ ಕುಣಿತಕ್ಕೆ ಗೋಮಾ ಎಂದು ಹೆಸರು. ಬಾಂಟು ಭಾಷೆಗಳಲ್ಲಿ ಮದ್ದಳೆಯನ್ನೂ ಕುಣಿತವನ್ನೂ ಸೂಚಿಸುವ ‘ಎನ್ಗೋಮಾ’ ಶಬ್ದದ ರೂಪವೇ ಇದು. ಮಲುಂಗಾವನ್ನು ನುಡಿಸಬಲ್ಲವರು ಈಗ ವಿರಳರಾಗಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ‘ದಮಾಮ’ ಎಂಬುದು ಪಾರಸಿ ಶಬ್ದ. ಅದನ್ನು ಬಾರಿಸುವವರು ಆಫ್ರಿಕದ ಮೂಲದವರು. ‘ಗೋಮಾ’ ಎಂಬುದು ಬಾಂಟು ಶಬ್ದ; ಆ ಕುಣಿತದೊಂದಿಗಿನ ಹಾಡುಗಳು ಭಾರತದ ನುಡಿಗಳಲ್ಲಿರುವುವು. ಶಬ್ದದ ಕುಲವೊಂದು, ವಸ್ತುವಿನ ಕುಲವೊಂದು, ಬಳಸುವವರ ಕುಲವೊಂದು ಆಗಿರಬಹುದು. ಆದಕಾರಣ ವಾದ್ಯದ ಮೂಲವನ್ನು ನಿರ್ಣಯಿಸುವಾಗ ಹೆಸರೊಂದನ್ನೇ ನಂಬಲಾಗದು; ಕಟ್ಟುವ ಕ್ರಮವನ್ನು ನೋಡಬೇಕು.

೩

ಮಲುಂಗಾದ ರಚನೆಯನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ. ಬಾಗಿಸಿದ ಒಂದು ಗಳೆ. ಅದರ ಎರಡು ತುದಿಗಳಿಗೆ ಬಿಗಿದ ಒಂದು ತಂತಿ. ತಂತಿಯನ್ನು ಗಳೆಯ ಕಡೆಗೆ ಎಳೆದು ಕಟ್ಟಿ, ಅದನ್ನು ಅಸಮವಾದ ಎರಡು ಭಾಗಗಳಾಗಿ ಮಾಡುವ ಒಂದು ಕುಣಿಕೆ. ಕುಣಿಕೆಯಿರುವಲ್ಲಿ ಗಳೆಯ ಹೊರಮೈಗೆ ಕೂಡಿಸಿದ ಸೋರೆಯ ಬುರುಡೆ. ವಾದಕನು ಕಡ್ಡಿಯಿಂದ ತಂತಿಯನ್ನು ತಾಡಿಸುವನು. ದಕ್ಷಿಣ ಆಫ್ರಿಕದ ಜುಲು ಜನರ ಉಮಾಖ್ವೆಯಾನ, ಗುಲಾಮಗಿರಿಯ ಕಾಲದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಬ್ರೆಜಿಲಿನಲ್ಲಿ ಬೇರೂರಿದ ಬೆರಿಂಬಾವು, ಇವುಗಳ ಕಟ್ಟಡವೂ ಇಂತಹುದೇ. ಬುರುಡೆಯ ತೆರೆದ ಬಾಯನ್ನು ಎದೆಗೋ ಹೊಟ್ಟೆಗೋ ಒತ್ತಿದಾಗ ಒಂದು ಬಗೆಯ ನಾದವೂ ಬಿಟ್ಟಾಗ ಮತ್ತೊಂದು ಬಗೆಯ ನಾದವೂ ಕೇಳಿಬರುವುದು. ಒಂದೇ ತಂತಿಯಲ್ಲಿ ಅಡಗಿರುವ ಅನುರಣನಸ್ವರಗಳಲ್ಲಿ ಕೆಲವನ್ನು ಎತ್ತಿ, ಕೆಲವನ್ನು ತಗ್ಗಿಸುವುದೇ ಇದರ ಮರ್ಮ.

ಸಂಗೀತರತ್ನಾಕರವನ್ನು ಓದಿದವರಿಗೆ ಇದು ಹೊಸದೆನಿಸಲಾರದು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ವಾದ್ಯಾಧ್ಯಾಯದಲ್ಲಿ ಏಕತಂತ್ರೀ, ಆಲಾಪಿನೀ, ಕಿನ್ನರೀ, ಪಿನಾಕೀ ಮೊದಲಾದ ವೀಣೆಗಳನ್ನು ಲಕ್ಷಣಸಮೇತವಾಗಿ ಹೇಳಿದ್ದಾನೆ. ಇವುಗಳಲ್ಲಿ ಆಲಾಪಿನಿಯ ತುಂಬವನ್ನು ಎದೆಗೆ ಆನಿಸಿ ನುಡಿಸುವರು. ಪಿನಾಕಿಯು ಹೆಸರಿಗೆ ತಕ್ಕಂತೆ ಬಿಲ್ಲಿನ ಆಕಾರದ್ದೇ. ಅದಕ್ಕೂ ತುಂಬವುಂಟು, ಕುದುರೆಯ ಕೂದಲಿನ ಮತ್ತೊಂದು ಕಿರುಬಿಲ್ಲಿನಿಂದ ಅದನ್ನು ಉಜ್ಜಿ ನುಡಿಸುವರು. ಆಲಾಪಿನಿಯ ಕ್ರಮವು ಝಾರ್ಖಂಡ ಪ್ರಾಂತದ ಟುಯಿಲಾ ಎಂಬ ಒಂಟಿತಂತಿಯ ವಾದ್ಯದಲ್ಲಿ ಉಳಿದುಬಂದಿದೆ. ಅರ್ಧ ಬುರುಡೆಯನ್ನು ಎದೆಗೆ ಒತ್ತಿ ಬಿಡುತ್ತ ನುಡಿಸುವುದೇ ಅದರ ರೀತಿ. ಕನ್ಯಾಕುಮಾರಿಯ ಕಡೆಯ ವಿಲ್ಲುಪಾಟ್ಟಿನ ದೊಡ್ಡ ಬಿಲ್ಲು, ಕೇರಳದ ಓಣವಿಲ್ಲು, ಇವೂ ಧನುರ್ವಾದ್ಯಗಳೇ.

ಇಷ್ಟರಿಂದ ಆಫ್ರಿಕದವರು ನಮ್ಮಿಂದ ಕಲಿತರೆಂದಾಗಲಿ, ನಾವು ಅವರಿಂದ ಕಲಿತೆವೆಂದಾಗಲಿ ಹೇಳುವುದು ಸಾಹಸವಾದೀತು. ಬಿಲ್ಲಿನ ಟಂಕಾರವನ್ನು ಕೇಳಿದ ಯಾವ ಬೇಡನಿಗಾದರೂ ಅದು ನಾದವೆಂದು ತೋರಬಹುದು. ಸಾದೃಶ್ಯಮಾತ್ರವು ಸಂಬಂಧಕ್ಕೆ ಪ್ರಮಾಣವಲ್ಲ. ಮಲುಂಗಾದ ವಿಷಯದಲ್ಲಾದರೋ ಕುಣಿಕೆಯನ್ನು ಬಿಗಿಯುವ ಕ್ರಮವೂ, ಅದನ್ನು ತಂದ ಜನರ ಚರಿತ್ರೆಯೂ ಒಂದನ್ನೊಂದು ಸಮರ್ಥಿಸುವುದರಿಂದ ಅದರ ಆಫ್ರಿಕಮೂಲವು ನಿಶ್ಚಿತ. ವಿಪರೀತಮಾರ್ಗದ ಸಂಭವವೂ ಇಲ್ಲದಿಲ್ಲ. ಪೂರ್ವ ಆಫ್ರಿಕದ ಜೆಜೆ, ಮಡಗಾಸ್ಕರದ ಜೆಜಿ ಎಂಬ ಬುರುಡೆಯ ದಂಡವಾದ್ಯಗಳು ಭಾರತದಿಂದ ಇಂಡೊನೇಷ್ಯದ ಮಾರ್ಗವಾಗಿ ಹೋದುವೆಂದು ಅಭಿಪ್ರಾಯಪಡುವ ವಿದ್ವಾಂಸರಿದ್ದಾರೆ. ಸಮುದ್ರವು ಎರಡು ದಡಗಳಿಗೂ ಸೇರಿದುದು.

೪

ಆಫ್ರಿಕದ ಇನ್ನೊಂದು ಮುಖ್ಯ ವಾದ್ಯವು ಎಂಬಿರ. ಹಲಗೆಯೊಂದರ ಮೇಲೆ ಕಬ್ಬಿಣದ ಅಥವಾ ಉಕ್ಕಿನ ಕಿರಿದಾದ ನಾಲಿಗೆಗಳನ್ನು ಸಾಲಾಗಿ ಬಿಗಿದು, ಎರಡು ಕೈಗಳ ಹೆಬ್ಬೆರಳುಗಳಿಂದಲೂ ಒಂದು ತೋರುಬೆರಳಿನಿಂದಲೂ ಮೀಟುವರು. ಜಿಂಬಾಬ್ವೆಯ ಶೋನಾ ಜನರು ಪಿತೃಗಳನ್ನು ಆಹ್ವಾನಿಸುವ ಬೀರ ಎಂಬ ವಿಧಿಯಲ್ಲಿ ಇಪ್ಪತ್ತೆರಡಕ್ಕೆ ಕಡಮೆಯಿಲ್ಲದ ನಾಲಿಗೆಗಳುಳ್ಳ ಎಂಬಿರವನ್ನು ನುಡಿಸುತ್ತಾರೆ. ನಾದವು ಗಟ್ಟಿಯಾಗುವಂತೆ ಅದನ್ನು ದೊಡ್ಡ ಸೋರೆಬುರುಡೆಯ ಒಳಗೆ ನಿಲ್ಲಿಸುವರು. ಮಲಾವಿ ಮತ್ತು ಜಿಂಬಾಬ್ವೆ ದೇಶಗಳ ಈ ವಾದ್ಯವನ್ನು ಕಟ್ಟುವ ಮತ್ತು ನುಡಿಸುವ ಕಲೆಯನ್ನು ಯುನೆಸ್ಕೋ ಸಂಸ್ಥೆಯು ೨೦೨೦ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಭರತನ ವಿಭಾಗದಲ್ಲಿ ಇದಕ್ಕೆ ಸ್ಥಾನವೆಲ್ಲಿ? ಕಂಪಿಸುವುದು ತಂತಿಯಲ್ಲ, ಚರ್ಮವಲ್ಲ, ಲೋಹದ ಘನಶರೀರವೇ. ಆದುದರಿಂದ ಇದು ಘನವಾದ್ಯ. ಕರ್ಣಾಟಕ ಸಂಗೀತದ ಮೋರ್ಸಿಂಗು ಈ ಜಾತಿಯದೇ. ಅಲ್ಲಿ ಒಂದು ನಾಲಿಗೆ, ಬುರುಡೆಯ ಸ್ಥಾನದಲ್ಲಿ ವಾದಕನ ಬಾಯಿ. ಇಲ್ಲಿ ಹಲವು ನಾಲಿಗೆಗಳು, ಬಾಯಿಯ ಸ್ಥಾನದಲ್ಲಿ ಬುರುಡೆ.

ಇನ್ನೊಂದು ಲಕ್ಷಣವು ವಿಶೇಷವಾಗಿ ಗಮನಾರ್ಹವಾದುದು. ಎಂಬಿರದ ಹಲಗೆಗೂ ಬುರುಡೆಗೂ ಹಿಂದೆ ಬಸವನಹುಳುವಿನ ಚಿಪ್ಪುಗಳನ್ನು ಸಡಿಲವಾಗಿ ಕಟ್ಟುತ್ತಿದ್ದರು. ಈಗ ಸೀಸೆಯ ಮುಚ್ಚಳಗಳನ್ನು ಕಟ್ಟುತ್ತಾರೆ. ನಾಲಿಗೆಯನ್ನು ಮೀಟಿದಾಗ ಅವು ಝೇಂಕರಿಸುವುವು. ಪಶ್ಚಿಮ ಆಫ್ರಿಕದ ಬಾಲಫೋನ್ ಎಂಬ ಮರದ ಪಟ್ಟಿಗಳ ವಾದ್ಯದಲ್ಲಿ ಪ್ರತಿಯೊಂದು ಪಟ್ಟಿಯ ಕೆಳಗೂ ತೂಗುವ ಸೋರೆಬುರುಡೆಗೆ ರಂಧ್ರಮಾಡಿ, ಜೇಡನ ಮೊಟ್ಟೆಗೂಡಿನ ತೆಳುಪೊರೆಯನ್ನು ಅಂಟಿಸುವರು, ಉದ್ದೇಶ ಅದೇ. ಪಾಶ್ಚಾತ್ಯ ಪ್ರವಾಸಿಗಳಲ್ಲಿ ಕೆಲವರು ಈ ಧ್ವನಿಯನ್ನು ದೋಷವೆಂದೆಣಿಸಿದರು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲೆಳೆಯನ್ನು ಸರಿಸಿ, ಝೇಂಕಾರವು ಹೊಮ್ಮುವ ಸ್ಥಾನವನ್ನು ಹುಡುಕುವ ನಮ್ಮವರು ಹಾಗೆ ಎಣಿಸಲಾರರು. ಶುಷ್ಕವಾದ ಧ್ವನಿಗೆ ಜೀವವನ್ನು ಕೊಡುವುದು ಆ ನೂಲು. ನಾದದ ವಿಷಯದಲ್ಲಿ ನಮ್ಮ ರುಚಿಗೂ ಆಫ್ರಿಕದವರ ರುಚಿಗೂ ಇರುವ ಅತ್ಯಂತ ಸಮೀಪದ ಬಾಂಧವ್ಯವು ಇದೇ ಎಂದು ತೋರುವುದು.

೫

ಈ ಮಾದರಿಗಳಿಂದ ಹುಟ್ಟಿದ ಹೊಸ ವಾದ್ಯಗಳಲ್ಲಿ ಎರಡು ಬಹುಪ್ರಸಿದ್ಧವಾದುವು.

ಆಫ್ರಿಕದ ಸಂಗೀತವನ್ನು ಧ್ವನಿಮುದ್ರಿಸುವುದರಲ್ಲಿ ಬಾಳನ್ನು ಸವೆಸಿದ ಹ್ಯೂ ಟ್ರೇಸಿ ಎಂಬ ಆಂಗ್ಲೇಯನು ೧೯೫೪ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಅಂತಾರಾಷ್ಟ್ರೀಯ ಆಫ್ರಿಕ ಸಂಗೀತ ಭಂಡಾರವನ್ನು ಸ್ಥಾಪಿಸಿದನು. ಅದೇ ವರ್ಷ ಜೊಹಾನ್ಸ್‌ಬರ್ಗಿನ ಬಳಿಯ ರೂಡಪೋರ್ಟಿನಲ್ಲಿ ವಾದ್ಯನಿರ್ಮಾಣಶಾಲೆಯೊಂದನ್ನೂ ತೆರೆದನು. ಎಂಬಿರದ ಜಾತಿಯ ವಾದ್ಯವೊಂದನ್ನು ಪಾಶ್ಚಾತ್ಯರ ಸಪ್ತಸ್ವರಕ್ರಮಕ್ಕೆ ಶ್ರುತಿಮಾಡಿ, ಕಲಿಂಬ ಎಂಬ ಆಫ್ರಿಕದ ಹೆಸರನ್ನೇ ಇಟ್ಟು ಲೋಕಕ್ಕೆ ಒದಗಿಸಿದನು. ಇಂದು ಕಲಿಂಬವು ಅನೇಕ ದೇಶಗಳ ಮಕ್ಕಳ ಕೈಯಲ್ಲಿದೆ. ಆದರೆ ಶೋನಾ ಮೊದಲಾದ ಜನರ ಶ್ರುತಿಕ್ರಮಗಳು ಅದರೊಡನೆ ಪ್ರಯಾಣಮಾಡಲಿಲ್ಲ.

ಎರಡನೆಯದು ಜಿಂಬಾಬ್ವೆಯ ಬುಲವಾಯೋ ನಗರದ ಕ್ವಾನೊಂಗೋಮಾ ಸಂಗೀತವಿದ್ಯಾಲಯದಲ್ಲಿ ೧೯೬೦ರ ಸುಮಾರಿಗೆ ರೂಪಗೊಂಡ ಮರಿಂಬ. ಶೋನಾ ಮತ್ತು ಎಂಡಬೆಲೆ ಎಂಬ ಅಲ್ಲಿನ ಎರಡು ಪ್ರಬಲ ಜನಾಂಗಗಳಲ್ಲಿ ಯಾರದೂ ಅಲ್ಲದ ವಾದ್ಯವಾದರೆ ಎಲ್ಲರೂ ಕಲಿಯಬಹುದೆಂದು ಅದನ್ನು ಆರಿಸಿದರು. ಶ್ರುತಿಯು ಇದರಲ್ಲಿಯೂ ಪಾಶ್ಚಾತ್ಯಕ್ಕೆ ಹತ್ತಿರವಾದುದೇ. ಬುರುಡೆಗಳ ಬದಲಿಗೆ ಕೊಳವೆಗಳು ಬಂದುವು. ಆದರೆ ಕೊಳವೆಗಳಿಗೂ ರಂಧ್ರಮಾಡಿ ತೆಳುಪೊರೆಯನ್ನು ಅಂಟಿಸಿ ಝೇಂಕಾರವನ್ನು ಉಳಿಸಿಕೊಂಡರು. ವಸ್ತುವು ಮಾರ್ಪಟ್ಟಿತು, ನಾದದ ಲಕ್ಷಣವು ಉಳಿಯಿತು.

ನಮ್ಮಲ್ಲಿಯೂ ವಾದ್ಯಗಳ ಸ್ವೀಕಾರವು ಹೀಗೆಯೇ ನಡೆದಿದೆ. ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಸ್ವೀಕರಿಸಿದಾಗ ಅದರ ಆಕಾರವು ಯೂರೋಪಿನದಾಗಿಯೇ ಉಳಿಯಿತು. ಶ್ರುತಿಮಾಡುವ ಕ್ರಮ, ಹಿಡಿಯುವ ಭಂಗಿ, ಗಮಕ ಎಲ್ಲವೂ ನಮ್ಮದಾಯಿತು. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ತಂತಿಗಳನ್ನು ಹೆಚ್ಚಿಸಿ ಏಳು ತಂತಿಯ ಪಿಟೀಲನ್ನು ನುಡಿಸಿದರು. ನೂತನ ವಾದ್ಯವು ಶಾಸ್ತ್ರವಿರುದ್ಧವೆಂಬ ಆಕ್ಷೇಪಣೆಗೆ ನಮ್ಮ ಸಂಗೀತದ ಚರಿತ್ರೆಯೇ ಉತ್ತರವಾಗಿದೆ.

೬

ಈಗ ನಮ್ಮ ಸೀಮೆಗೆ ಬರೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಬಲಿತ ತೆಂಗಿನಕಾಯನ್ನು ಸುಲಿಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುವುದು ವಾಡಿಕೆ. ಒಳಗಿನ ನೀರು ಇಂಗಿ, ತಿರುಳು ಕುಗ್ಗಿ ಕರಟವನ್ನು ಬಿಟ್ಟು ಗಿಟುಕಾಗುವುದು. ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಗಿಟುಕು ಕರಟಕ್ಕೆ ಬಡಿಯುವ ಸದ್ದಿನಿಂದ ಕೊಬ್ಬರಿಯಾಯಿತೆಂದು ರೈತನು ತಿಳಿಯುವನು. ಮಾಯಿ ಮಿಸ್ರಾದ ನಾದತತ್ತ್ವವು ಹೀಗೆ ನಮ್ಮ ಅಟ್ಟಗಳ ಮೇಲೆಯೇ ಇರುವುದು.

ಆದರೆ ಗಿಟುಕು ಒಡೆಯಬಾರದೆಂದು ಕರಟವನ್ನು ಚೂರುಚೂರಾಗಿ ಬಿಡಿಸುವುದರಿಂದ, ಇಷ್ಟೊಂದು ಕೊಬ್ಬರಿಯಾಗುವ ಸೀಮೆಯಲ್ಲಿ ಇಡಿಯ ಕರಟವು ದುರ್ಲಭ. ಚೂರುಗಳು ಇದ್ದಲಿಗೆ ಹೋಗುವುವು. ವಾದ್ಯಕ್ಕೆ ಬೇಕಾದಷ್ಟು ಕಾಯಿಗಳಲ್ಲಿ ಮಾತ್ರ ಕ್ರಮವನ್ನು ಸ್ವಲ್ಪ ಬದಲಾಯಿಸಬೇಕು. ಒಣಗಿದ ಕಾಯ ಮಟ್ಟೆಯನ್ನು ತೆಗೆದು, ಕರಟದ ಅತಿ ಅಗಲವಾದ ಭಾಗದ ಸುತ್ತ ಸಣ್ಣಹಲ್ಲಿನ ಗರಗಸದಿಂದ ಕರಟದ ದಪ್ಪದಷ್ಟು ಮಾತ್ರ ಕೊಯ್ದರೆ, ಗಿಟುಕು ಇಡಿಯಾಗಿ ಹೊರಬರುವುದು, ಎರಡು ಅರೆಗರಟಗಳೂ ಉಳಿಯುವುವು. ರೈತನಿಗೂ ನಷ್ಟವಿಲ್ಲ.

ಕರಟಕ್ಕೂ ಸೋರೆಬುರುಡೆಗೂ ಇರುವ ತಾರತಮ್ಯವನ್ನು ಇಲ್ಲಿ ತಿಳಿಯಬೇಕು. ಪೊಳ್ಳಾದ ಪಾತ್ರೆಯು ತನ್ನೊಳಗಿನ ಗಾಳಿಯ ಪ್ರಮಾಣಕ್ಕೂ ಬಾಯಿಯ ಅಗಲಕ್ಕೂ ಅನುಸಾರವಾದ ಒಂದು ಸ್ವರವನ್ನು ಹೆಚ್ಚಾಗಿ ಎತ್ತಿಕೊಡುವುದು. ಎರಡು ಅರೆಗರಟಗಳನ್ನು ಮರಳಿ ಅಂಟಿಸಿದಾಗ ಒಳಗೆ ೪೦೦ ಘನ ಸೆಂಟಿಮೀಟರು ಅವಕಾಶವಿದ್ದು, ೩ ಸೆಂಟಿಮೀಟರು ಅಗಲದ ರಂಧ್ರವನ್ನು ಕೊರೆದರೆ, ಲೆಕ್ಕದ ಪ್ರಕಾರ ಆ ಸ್ವರವು ಸೆಕೆಂಡಿಗೆ ಸುಮಾರು ೪೨೫ ಕಂಪನಗಳದು. ಅದೇ ದಪ್ಪ, ಅದೇ ರಂಧ್ರವುಳ್ಳ ಹತ್ತರಷ್ಟು ದೊಡ್ಡ ಸೋರೆಬುರುಡೆಯಲ್ಲಿ ಅದು ಸುಮಾರು ೧೩೫ಕ್ಕೆ ಇಳಿಯುವುದು. ಆದಕಾರಣ ಮಂದ್ರಕ್ಕೆ ಬುರುಡೆಯೇ ಬೇಕು. ಕರಟವು ತಾರದ ಕಡೆಗೆ ಒಲೆಯುವುದು. ಮಲುಂಗಾದ ದೊಡ್ಡ ಬಿಲ್ಲಿಗೆ ಕರಟವನ್ನು ಕಟ್ಟಿದರೆ ಆಕಾರವು ಬಂದೀತು, ಗಾಂಭೀರ್ಯವು ಬಾರದು. ಕಿರುಬಿಲ್ಲಿಗೂ ನಾಲಿಗೆವಾದ್ಯಕ್ಕೂ ಕರಟವು ಅನುರೂಪ. ಇಂಡೊನೇಷ್ಯದಲ್ಲಿ ಕರಟದ ಮೇಲೆ ನಾಲಿಗೆಗಳನ್ನು ಕೂರಿಸಿದ ಚಿಕ್ಕ ವಾದ್ಯಗಳನ್ನು ಈಗಲೂ ಮಾಡಿ ಮಾರುತ್ತಾರೆ.

ನಾಲಿಗೆವಾದ್ಯದ ಹಲಗೆಗೆ ಆಫ್ರಿಕದಲ್ಲಿ ಬಹಳವಾಗಿ ಬಳಸುವುದು ಮುಕ್ವಾ ಎಂಬ ಮರ. ಸಸ್ಯಶಾಸ್ತ್ರಜ್ಞರ ಗಣನೆಯಲ್ಲಿ ಅದು ಟೆರೋಕಾರ್ಪಸ್ ಕುಲಕ್ಕೆ ಸೇರಿದುದು. ನಮ್ಮ ಹೊನ್ನೆಯೂ ರಕ್ತಚಂದನವೂ ಆ ಕುಲದವೇ. ಆದುದರಿಂದ ಹೊನ್ನೆಯ ಹಲಗೆಯನ್ನು ಆರಿಸುವುದು ಯುಕ್ತ. ಅರೆಗರಟದ ಬಾಯಿಗೆ ಸರಿಯಾಗಿ ಹಲಗೆಯನ್ನು ಮುಚ್ಚಿ ಅಂಟಿಸಿ, ನಡುವೆ ರಂಧ್ರವನ್ನು ಕೊರೆದು, ಎರಡು ಅಡ್ಡಪಟ್ಟಿಗಳ ಮೇಲೆ ಉಕ್ಕಿನ ನಾಲಿಗೆಗಳನ್ನಿಟ್ಟು, ಅವುಗಳ ನಡುವೆ ಮೂರನೆಯದೊಂದು ಸರಳಿನಿಂದ ಅದುಮಿ ಬಿಗಿಯಬೇಕು.

ಶ್ರುತಿಮಾಡುವಾಗ ವೀಣೆಯ ಲೆಕ್ಕವು ಇಲ್ಲಿ ನಡೆಯದು. ತಂತಿಯನ್ನು ಅರ್ಧಮಾಡಿದರೆ ತಾರಷಡ್ಜವು ದೊರೆಯುವುದು. ನಾಲಿಗೆಯಲ್ಲಿ ಕಂಪನಸಂಖ್ಯೆಯು ಉದ್ದದ ವರ್ಗಕ್ಕೆ ವಿಲೋಮವಾಗಿರುವುದರಿಂದ, ಸುಮಾರು ಹತ್ತರಲ್ಲಿ ಏಳು ಭಾಗವನ್ನು ಉಳಿಸಿದರೇ ತಾರಷಡ್ಜವು ಬರುವುದು. ದಪ್ಪವು ಒಂದೇ ಸಮನಾಗಿರುವ ನಾಲಿಗೆಗಳಲ್ಲಿ ಷಡ್ಜಕ್ಕೆ ೬೦ ಮಿಲಿಮೀಟರು ಉದ್ದವನ್ನು ಬಿಟ್ಟರೆ, ಮೋಹನರಾಗಕ್ಕೆ ಬೇಕಾದ ಚತುಃಶ್ರುತಿ ಋಷಭಕ್ಕೆ ೫೬.೬, ಅಂತರಗಾಂಧಾರಕ್ಕೆ ೫೩.೭, ಪಂಚಮಕ್ಕೆ ೪೯, ಚತುಃಶ್ರುತಿ ಧೈವತಕ್ಕೆ ೪೬.೫, ತಾರಷಡ್ಜಕ್ಕೆ ೪೨.೪ ಮಿಲಿಮೀಟರು ಬರುವುವು. ಇದು ಆರಂಭದ ಅಳತೆ. ಅಂತಿಮನಿರ್ಣಯವು ಕಿವಿಯದು, ನಾಲಿಗೆಯನ್ನು ಹಿಂದೆ ಮುಂದೆ ಸರಿಸಿ ಅದನ್ನು ಸಾಧಿಸಬೇಕು. ಒಂದೊಂದು ನಾಲಿಗೆಗೂ ತೆಳುವಾದ ತಗಡಿನ ಉಂಗುರವನ್ನು ಸಡಿಲವಾಗಿ ತೊಡಿಸಿದರೆ ಝೇಂಕಾರವು ಸಿದ್ಧಿಸುವುದು. ಇದನ್ನು ಮಾತ್ರ ಬಿಡಲಾಗದು. ಅದಿಲ್ಲದಿದ್ದರೆ ಆಕಾರವು ಆಫ್ರಿಕದ್ದಾಗಿ, ಪ್ರಾಣವು ಯಾರದೂ ಅಲ್ಲದಾಗುವುದು.

೭

ಉಳಿದುದು ಹೆಸರಿನ ವಿಚಾರ. ಹೊಸದನ್ನು ಕಟ್ಟಿದವರಿಗೆ ಅದಕ್ಕೊಂದು ಪ್ರಾಚೀನನಾಮವನ್ನಿಟ್ಟು ಗೌರವವನ್ನು ತರುವ ಆಸೆಯು ಸಹಜ. ಕರಟದ ಎಂಬಿರವನ್ನು ‘ಕಿನ್ನರಿ’ಯೆಂದೂ ಕಿರುಬಿಲ್ಲನ್ನು ‘ಪಿನಾಕಿ’ಯೆಂದೂ ಕರೆದರೆ ಕೇಳುವುದಕ್ಕೆ ಇಂಪಾಗಿಯೇ ಇರುವುದು. ಆದರೆ ಇದರ ಫಲವೇನು?

‘ವೀಣಾ’ ಶಬ್ದದ ಗತಿಯನ್ನು ನೋಡಿ. ಭರತನ ಕಾಲದ ಸಪ್ತತಂತ್ರಿಯಾದ ಚಿತ್ರಾ, ನವತಂತ್ರಿಯಾದ ವಿಪಂಚೀ, ಇವು ಸ್ವರಕ್ಕೊಂದು ತಂತಿಯುಳ್ಳ ವಾದ್ಯಗಳು. ಹಳೆಯ ಶಿಲ್ಪಗಳಲ್ಲಿ ಬಿಲ್ಲಿನಂತೆ ಬಾಗಿದ ವೀಣೆಗಳು ಕಾಣಬರುವುವು. ಶಾರ್ಙ್ಗದೇವನ ಕಾಲಕ್ಕೆ ಅದೇ ಶಬ್ದವು ದಂಡಕ್ಕೆ ತುಂಬವನ್ನು ಕಟ್ಟಿದ ವಾದ್ಯವನ್ನು ಹೇಳಿತು. ಇಂದು ಅದು ಹಲಸಿನ ಮರದ ಕೊಡವೂ ಇಪ್ಪತ್ತುನಾಲ್ಕು ಮೆಟ್ಟಿಲುಗಳೂ ಉಳ್ಳ ವಾದ್ಯವನ್ನು ಹೇಳುತ್ತದೆ. ಮೂರು ಭಿನ್ನ ರಚನೆಗಳಿಗೆ ಒಂದೇ ಹೆಸರು ನಿಂತದ್ದರಿಂದ, ಕಾವ್ಯದಲ್ಲಿ ವೀಣೆಯೆಂದು ಬಂದಲ್ಲೆಲ್ಲ ಇಂದಿನ ವೀಣೆಯನ್ನೇ ಕಲ್ಪಿಸಿ ಅರ್ಥಹೇಳುವ ಪ್ರಮಾದವು ಪಾಠಶಾಲೆಗಳಲ್ಲಿ ಇನ್ನೂ ನಿಂತಿಲ್ಲ. ಅದು ಕಾಲವು ತಾನಾಗಿ ಮಾಡಿದ ಗೊಂದಲ. ನಾವು ತಿಳಿದೂ ಮತ್ತೊಂದನ್ನು ಸೇರಿಸಬಾರದು. ಎಂಬಿರಕ್ಕೆ ಕಿನ್ನರಿಯ ಹೆಸರನ್ನಿಟ್ಟರೆ, ನೂರು ವರ್ಷಗಳ ಬಳಿಕ ವಚನಗಳಲ್ಲಿಯೂ ಶಾಸನಗಳಲ್ಲಿಯೂ ಬರುವ ಕಿನ್ನರಿಯನ್ನು ವಿವರಿಸಹೊರಟವನು ಕರಟದ ಮೇಲಿನ ಉಕ್ಕಿನ ನಾಲಿಗೆಗಳನ್ನು ಕಂಡಾನು. ಬುರುಡೆಯ ಕಿನ್ನರಿಯನ್ನು ಹೊತ್ತು ಊರೂರು ತಿರುಗಿದ ಕಿನ್ನರಿಜೋಗಿಗಳಿಗೂ ಅದು ಅನ್ಯಾಯ.

ಇನ್ನೊಂದು ಅನ್ಯಾಯವು ಇದಕ್ಕಿಂತ ದೊಡ್ಡದು. ಹಡಗುಗಳಲ್ಲಿ ಸಾಗಿಸಲ್ಪಟ್ಟ ಜನರು ತಮ್ಮೊಡನೆ ತರಬಲ್ಲವರಾದುದು ನೆನಪನ್ನು ಮಾತ್ರ. ಆ ನೆನಪಿನಿಂದ ಬಿಲ್ಲನ್ನು ಬಾಗಿಸಿ ಬುರುಡೆಯನ್ನು ಕಟ್ಟಿದರು. ಅಂತಹ ವಾದ್ಯದ ಕ್ರಮವನ್ನು ತೆಗೆದುಕೊಂಡು ಹೆಸರನ್ನು ಅಳಿಸಿದರೆ, ಅವರಿಗೆ ಉಳಿದಿರುವ ಅಲ್ಪವನ್ನೂ ನಾವು ಕಸಿದಂತಾಗುವುದು. ಹಿಂದೆ ಹೇಳಿದಂತೆ ಹೆಸರೊಂದೇ ಮೂಲಕ್ಕೆ ಪ್ರಮಾಣವಲ್ಲವೆಂಬುದು ನಿಜ. ಆದರೆ ತಿಳಿದ ಮೂಲವನ್ನು ಹೆಸರಿನಲ್ಲಿ ಮರೆಸುವುದಕ್ಕೆ ಅದು ಅನುಮತಿಯಲ್ಲ. ಆದುದರಿಂದ ‘ಕರಟದ ಎಂಬಿರ’, ‘ಕಿರುಮಲುಂಗಾ’ ಎಂದು, ವಸ್ತುವು ನಮ್ಮದು, ಕ್ರಮವು ಅವರದು ಎಂಬುದು ವ್ಯಕ್ತವಾಗುವಂತೆ ಕರೆಯುವುದೇ ನ್ಯಾಯ. ಪಿಟೀಲನ್ನು ನಮ್ಮದಾಗಿ ಮಾಡಿಕೊಂಡವರು ಅದನ್ನು ವೀಣೆಯೆಂದು ಕರೆಯಲಿಲ್ಲವಷ್ಟೆ.

ಅಧ್ಯಾಪಕರಾದವರು ಇಂತಹ ಒಂದು ವಾದ್ಯವನ್ನು ವಿದ್ಯಾರ್ಥಿಗಳ ಕೈಯಿಂದಲೇ ಕಟ್ಟಿಸಿದರೆ ಪ್ರಯೋಜನವು ಅನೇಕ. ಅರೆಬುರುಡೆಯನ್ನು ಎದೆಗೆ ಒತ್ತಿ ಬಿಟ್ಟು ತಂತಿಯನ್ನು ಮೀಟಿದ ಹುಡುಗನಿಗೆ ಆಲಾ­ಪಿನಿಯ ಲಕ್ಷಣವನ್ನು ಬೇರೆಯಾಗಿ ವ್ಯಾಖ್ಯಾನಿಸಬೇಕಾಗಿಲ್ಲ. ನಾಲಿಗೆಗಳನ್ನು ಶ್ರುತಿಮಾಡಿದವನಿಗೆ ಘನವಾದ್ಯವೆಂದರೆ ತಾಳ ಜಾಗಟೆಗಳು ಮಾತ್ರವಲ್ಲವೆಂಬುದು ತಾನಾಗಿ ತಿಳಿಯುವುದು. ಸಾಧ್ಯವಿದ್ದಲ್ಲಿ ಸಿದ್ದಿ ವಾದಕರನ್ನು ಗುರುಸ್ಥಾನದಲ್ಲಿ ಕೂರಿಸಿ, ಸಂಭಾವನೆಯನ್ನು ಕೊಟ್ಟು, ಅವರಿಂದ ಕೇಳಿ ಕಲಿಯುವುದು ಲೇಸು. ಕುಣಿತವನ್ನು ನೋಡಿ ಕಳುಹಿಸಿಬಿಡುವುದು ವಿದ್ಯೆಯ ಮರ್ಯಾದೆಯಲ್ಲ. ಇಲ್ಲಿ ಕೊಟ್ಟಿರುವ ಅಳತೆಗಳನ್ನು ವಾದ್ಯಶಿಲ್ಪಿಗಳೂ, ಹೆಸರಿನ ವಿಚಾರವನ್ನು ಶಬ್ದಶಾಸ್ತ್ರಜ್ಞರೂ ಪರೀಕ್ಷಿಸಿ ತಮ್ಮ ಅಭಿಪ್ರಾಯಗಳನ್ನು ಪ್ರಕಟಿಸಬೇಕೆಂದು ವಿಜ್ಞಾಪನೆ.